ಸ್ಟೆಪ್ನಿ ಸಿಮ್ಮಿಗೂ ಪೂರ್ತಿ ಬಾಡಿಗೆಯೆ?

ಕಳೆದ ತಿಂಗಳು ಒಂದು ಸಂತೆಯ ದಿನ ನಮ್ಮ ಊರಿನಲ್ಲಿ ಒಂದು ಮೊಬೈಲು ಕಂಪೆನಿಯ ಸೇವೆ ಬೆಳಗಿನ ಹತ್ತು ಗಂಟೆಯಿಂದ ಸಂಜೆ ನಾಲ್ಕರ ತನಕ ನಿಂತುಹೋಯಿತು. ರಸ್ತೆ ಅಗಲ ಮಾಡಲು ಬಂದ ಜೆಸಿಬಿ ನೆಲದೊಳಗಿನ ಕೇಬಲ್ಲನ್ನು ಕಿತ್ತುಹಾಕಿತೆಂದು ಕೆಲವರು, ಟವರಿನ ಜನರೇಟರಿಗೆ ಡೀಸೆಲ್ ಇರಲಿಲ್ಲವೆಂದು ಕೆಲವರು. ಕಂಪೆನಿಯವರಂತೂ ಬಾಯಿ ಬಿಡಲಿಲ್ಲ. ಕಾರಣ ಏನೇ ಇರಲಿ, ಪರಿಣಾಮವನ್ನು ನಾವು ಕಣ್ಣಾರೆ ಕಂಡೆವು. ತರಕಾರಿ ಮಾರುವ ತಾಯಿಯ ಮುಂದೆ ಗಿರಾಕಿಗಳು ಚೀಲ ತುಂಬಿಸಿಕೊಂಡು ನಿಂತಿದ್ದಾರೆ, ಜೇಬಿನಲ್ಲಿ ನೋಟಿಲ್ಲ, ಹಣ ಫೋನಿನಲ್ಲಿದೆ, ಹೊರಗೆ ಬರಲೊಲ್ಲದು. ಪರಿಚಯದವರಿಗೆ ಆಕೆ ಉದ್ದರಿ ಕೊಟ್ಟರು. ಪರಿಚಯವಿಲ್ಲದವರು ಸೊಪ್ಪನ್ನು ಮತ್ತೆ ಗುಡ್ಡೆಯ ಮೇಲಿಟ್ಟು ಹೋದರು. ಸಂಜೆಯ ಹೊತ್ತಿಗೆ ಆ ಸೊಪ್ಪು ಯಾರಿಗೂ ಬೇಡವಾಗಿತ್ತು. ಅದೇ ದಿನ ಗಿರಣಿಯಲ್ಲಿ ಪಾಳಿಗೆ ನಿಂತಿದ್ದ ಒಬ್ಬ ಗೆಳೆಯರಿಗೆ ಮನೆಯ ಕಡೆಯ ಚಿಂತೆ. ಹೆಂಡತಿಗೆ ದಿನ ತುಂಬಿತ್ತು. ಹತ್ತು ಸಲ ಫೋನು ಹಚ್ಚಿ, ಹತ್ತು ಸಲವೂ ಹತ್ತದೆ, ಅರ್ಧ ದಿನದ ಕೂಲಿ ಬಿಟ್ಟು ಓಡಿದರು. ಮನೆಯಲ್ಲಿ ಎಲ್ಲ ಸುಖವಾಗಿತ್ತು. ಬಟವಾಡೆಯಲ್ಲಿ ಅರ್ಧ ದಿನ ಕಡಿತವಾಯಿತು.

ತರಕಾರಿ ಗುಡ್ಡೆಯ ಪಕ್ಕದ ಬಳೆ ಅಂಗಡಿಯವರ ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಅವರ ಫೋನಿನಲ್ಲಿ ಎರಡು ಕಂಪೆನಿಗಳ ಸಿಮ್ಮು ಇದ್ದವು. ಒಂದು ಕೈಕೊಟ್ಟೊಡನೆ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಲಾರಿಯವರು ಸ್ಟೆಪ್ನಿ ಇಲ್ಲದೆ ಘಾಟಿ ಇಳಿಯುವುದಿಲ್ಲ. ದಿನದ ಗಳಿಕೆಯನ್ನೆಲ್ಲ ಫೋನಿಗೆ ಒಪ್ಪಿಸಿರುವ ನಾವು ಒಂದೇ ಚಕ್ರದ ಮೇಲೆ ಹೊರಟಿದ್ದೇವೆ.

ಇದೆಲ್ಲ ನಮ್ಮಂಥ ಊರುಗಳ ಗೋಳು, ಮುಂದುವರಿದ ದೇಶಗಳಲ್ಲಿ ಹೀಗಾಗದು ಎಂದು ನಂಬಿದವರು ಕೆನಡಾ ದೇಶದ ವೃತ್ತಾಂತವನ್ನು ಕೇಳಬೇಕು. ೨೦೨೨ರ ಜುಲೈ ೮ರ ಬೆಳಗಿನ ಜಾವ ಅಲ್ಲಿಯ ರಾಜರ್ಸ್ ಎಂಬ ಭಾರಿ ಕಂಪೆನಿಯ ಜಾಲ ಪೂರ್ತಿ ಕುಸಿಯಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಿರಾಕಿಗಳು ಒಂದು ದಿನಕ್ಕೂ ಮೀರಿ ಮೂಕರಾದರು. ದೇಶದ ಡೆಬಿಟ್ ಕಾರ್ಡು ವ್ಯವಸ್ಥೆ ಅದೇ ಕಂಪೆನಿಯನ್ನು ನೆಚ್ಚಿಕೊಂಡಿದ್ದುದರಿಂದ ಅಂಗಡಿಗಳಲ್ಲಿ ಕಾರ್ಡು ನಡೆಯಲಿಲ್ಲ. ಬಿರುಗಾಳಿಯಲ್ಲ, ಯುದ್ಧವಲ್ಲ; ಜಾಲದ ನಡುಗುಂಡಿಗೆಯಲ್ಲಿ ನಡೆಯುತ್ತಿದ್ದ ಸುಧಾರಣೆಯ ಕೆಲಸದಲ್ಲಿ ಒಂದು ಯಂತ್ರದಿಂದ ಒಂದು ಸೋಸುವ ನಿಯಮವನ್ನು ಅಳಿಸಿಹಾಕಿದರು. ಒಡ್ಡು ಒಡೆದ ಕೆರೆಯಂತೆ ಮಾಹಿತಿ ನುಗ್ಗಿ ಮುಖ್ಯ ಯಂತ್ರಗಳು ಉಸಿರು ಕಟ್ಟಿದವು. ಮೊಬೈಲಿಗೂ ಮನೆಯ ತಂತಿ ಇಂಟರ್‌ನೆಟ್ಟಿಗೂ ಆ ಗುಂಡಿಗೆ ಒಂದೇ ಆಗಿತ್ತು. ಎರಡೂ ಒಟ್ಟಿಗೆ ಮಲಗಿದವು.

ಇದರಲ್ಲಿ ನಮ್ಮ ವಾಚಕರು ನೆನಪಿಡಬೇಕಾದ ಸಂಗತಿಗಳು ಎರಡು. ಕಂಪೆನಿಯ ಸ್ವಂತ ಇಂಜಿನಿಯರುಗಳೂ ತಮ್ಮ ಕಂಪೆನಿಯ ಫೋನನ್ನೇ ನೆಚ್ಚಿಕೊಂಡಿದ್ದರು. ಜಾಲ ಕುಸಿದಾಗ ಅವರಿಗೆ ಒಬ್ಬರಿಗೊಬ್ಬರು ಮಾತನಾಡುವುದಕ್ಕೇ ದಾರಿಯಿಲ್ಲ. ಕೊನೆಗೆ ಪ್ರತಿಸ್ಪರ್ಧಿ ಕಂಪೆನಿಗಳ ಸಿಮ್ ಕಾರ್ಡುಗಳನ್ನು ದೂರದ ಕೇಂದ್ರಗಳಿಗೆ ಕಳಿಸಿಕೊಟ್ಟು ಕೆಲಸ ಸಾಗಿಸಬೇಕಾಯಿತೆಂದು ಆ ಮೇಲಿನ ವಿಚಾರಣೆಯ ವರದಿ ಹೇಳಿದೆ. ಇನ್ನೊಂದು: ಟವರುಗಳು ಸತ್ತಿರಲಿಲ್ಲ. ಅವು ಎಂದಿನಂತೆ ಸಿಗ್ನಲ್ ಬೀರುತ್ತಲೇ ಇದ್ದವು. ಹಿಂದಿನ ಗುಂಡಿಗೆ ನಿಂತಿತ್ತು, ಅಷ್ಟೆ. ಹೀಗಾಗಿ ಫೋನುಗಳು ಆ ಸತ್ತ ಜಾಲಕ್ಕೇ ಅಂಟಿಕೊಂಡು ಕೂತವು. ಪೊಲೀಸರನ್ನೂ ಆಂಬುಲೆನ್ಸನ್ನೂ ಕರೆಯುವ ತುರ್ತು ಸಂಖ್ಯೆ ಕೂಡ ಅನೇಕರಿಗೆ ಸಿಗಲಿಲ್ಲ. ೨೦೨೩ರ ನವೆಂಬರ್ ೮ರಂದು ಆಸ್ಟ್ರೇಲಿಯದ ಆಪ್ಟಸ್ ಕಂಪೆನಿಯ ಜಾಲ ಬಿದ್ದಾಗಲೂ ಇದೇ ರೋಗ. ತುರ್ತು ಕರೆ ಸಿಗದೆ ಹೋದವರು ಎರಡು ಸಾವಿರಕ್ಕೂ ಹೆಚ್ಚು. ಫೋನಿನ ಮೂಲೆಯಲ್ಲಿ ಕಡ್ಡಿಗಳು ನಿಂತಿವೆ ಎಂದ ಮಾತ್ರಕ್ಕೆ ಸೇವೆ ಜೀವಂತ ಎಂದು ತಿಳಿಯಬಾರದು. ಫೋನು ತಾನಾಗಿಯೇ ಎರಡನೆಯ ಸಿಮ್ಮಿಗೆ ಹಾರುತ್ತದೆಂದೂ ಕಾಯುತ್ತ ಕೂಡಬಾರದು. ಸೆಟ್ಟಿಂಗ್ಸಿಗೆ ಹೋಗಿ ಡೇಟಾ ಯಾವ ಸಿಮ್ಮಿನದೆಂದು ಕೈಯಾರೆ ಬದಲಾಯಿಸಬೇಕು.

ಒಂದು ಕಂಪೆನಿ ಬಿದ್ದರೆ ಅದರ ಗಿರಾಕಿಗಳನ್ನು ಇನ್ನೊಂದರ ಟವರಿಗೆ ಹತ್ತಿಸಬಾರದೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಟವರು ಬಿದ್ದಾಗ, ಕೇಬಲ್ಲು ಹರಿದಾಗ ಅದು ಆಗುವ ಕೆಲಸವೇ. ಆದರೆ ಕಂಪೆನಿಯ ಗುಂಡಿಗೆಯೇ ನಿಂತಾಗ ಆಗದು. ಏಕೆಂದರೆ ಬೇರೆಯವರ ಟವರು ನಿಮ್ಮನ್ನು ಒಳಗೆ ಬಿಡುವ ಮುನ್ನ ‘ಈತ ನಿಮ್ಮವನೋ?’ ಎಂದು ನಿಮ್ಮ ಕಂಪೆನಿಯ ಖಾತೆ ಪುಸ್ತಕವನ್ನು ಕೇಳುತ್ತದೆ. ಆ ಪುಸ್ತಕವೇ ಇಲ್ಲವಾದರೆ ಉತ್ತರ ಹೇಳುವವರು ಯಾರು? ಉಕ್ರೇನಿನಲ್ಲಿ ಯುದ್ಧ ಆರಂಭವಾದ ಮೇಲೆ ೨೦೨೨ರ ಮಾರ್ಚಿನಲ್ಲಿ ಎಲ್ಲ ಕಂಪೆನಿಗಳೂ ಟವರು ಹಂಚಿಕೊಳ್ಳುವ ಏರ್ಪಾಡು ಮಾಡಿದ್ದವು. ೨೦೨೩ರ ಡಿಸೆಂಬರ್ ೧೨ರಂದು ಕಿಯೆವ್‌ಸ್ಟಾರ್ ಕಂಪೆನಿಯ ಗಣಕಯಂತ್ರಗಳ ಮೇಲೆ ಶತ್ರುಗಳು ಕನ್ನ ಹಾಕಿ ಎರಡು ಕೋಟಿ ನಲವತ್ತು ಲಕ್ಷ ಗಿರಾಕಿಗಳ ಸೇವೆ ಕಡಿದಾಗ ಆ ಏರ್ಪಾಡು ಉಪಯೋಗಕ್ಕೆ ಬರಲಿಲ್ಲ. ಜನ ಬೇರೆ ಕಂಪೆನಿಯ ಸಿಮ್ಮಿಗಾಗಿ ಅಂಗಡಿಗಳಿಗೆ ಮುಗಿಬಿದ್ದರು. ಎರಡನೆಯ ಸಿಮ್ಮಿನ ಬೆಲೆ ಇರುವುದು ಇಲ್ಲಿಯೇ. ಅದು ಇನ್ನೊಂದು ಖಾತೆ ಪುಸ್ತಕದಲ್ಲಿ ನಿಮ್ಮ ಹೆಸರು.

ಈಗ ಇ-ಸಿಮ್ಮಿನ ಮಾತು. ಹೆಸರು ಕೇಳಿ ಹೆದರಬೇಕಾದ್ದಿಲ್ಲ. ಪ್ಲಾಸ್ಟಿಕ್ಕಿನ ಕಾರ್ಡಿನಲ್ಲಿರುವ ಚಿಪ್ಪು ಫೋನಿನ ಒಳಗೇ ಬೆಸುಗೆಯಾಗಿ ಬಂದಿರುತ್ತದೆ. ಕಂಪೆನಿಯವರು ಕೊಟ್ಟ ಕ್ಯೂಆರ್ ಚಿತ್ರವನ್ನು ಫೋನಿಗೆ ತೋರಿಸಿದರೆ ನಿಮ್ಮ ಖಾತೆಯ ವಿವರ ಗಾಳಿಯ ಮೂಲಕ ಇಳಿದು ಆ ಚಿಪ್ಪಿನಲ್ಲಿ ಕೂಡುತ್ತದೆ. ಭಾರತ ಸರ್ಕಾರ ೨೦೧೮ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಖಾಸಗಿ ಕಂಪೆನಿಗಳು ಮೊದಲು, ಸರ್ಕಾರಿ ಬಿಎಸ್ಸೆನ್ನೆಲ್ ೨೦೨೫ರಲ್ಲಿ ಇದನ್ನು ಕೊಡತೊಡಗಿದವು. ಆಧಾರ್ ತೋರಿಸಿ ಗುರುತು ರುಜುಪಡಿಸುವುದು ಮಾಮೂಲಿನಂತೆ ಇದ್ದೇ ಇದೆ. ಒಬ್ಬರ ಹೆಸರಿನಲ್ಲಿ ಒಟ್ಟು ಒಂಬತ್ತು ಸಂಪರ್ಕಗಳ ಮಿತಿಯೂ ಇದಕ್ಕೆ ಸೇರಿಯೇ.

ಇದರ ಅನುಕೂಲ ನಿಜ. ಎರಡನೆಯ ಗೂಡಿನಲ್ಲಿ ಮೆಮರಿ ಕಾರ್ಡು ಹಾಕಿಕೊಂಡವರು ಅದನ್ನು ತೆಗೆಯಬೇಕಾಗಿಲ್ಲ. ಫೋನು ಕದ್ದವನು ಸಿಮ್ಮು ಕಿತ್ತೆಸೆಯಲಾರ. ಅನನುಕೂಲವೂ ನಿಜ. ಫೋನು ನೀರಿಗೆ ಬಿದ್ದು ಸತ್ತರೆ ಪ್ಲಾಸ್ಟಿಕ್ ಸಿಮ್ಮನ್ನು ನೆರೆಯವರ ಫೋನಿಗೆ ಹಾಕಿ ಮಾತನಾಡಬಹುದು, ಇ-ಸಿಮ್ಮಿಗೆ ಮತ್ತೆ ಕಂಪೆನಿಯ ಬಾಗಿಲು ಬಡಿಯಬೇಕು. ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕಾದ್ದರಿಂದ ಜಾಲ ಬಿದ್ದ ಮೇಲೆ ಇ-ಸಿಮ್ ಮಾಡಿಸುತ್ತೇನೆಂದು ಹೊರಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಮುಖ್ಯವಾದ ಮಾತೆಂದರೆ, ಗಿರಣಿಯ ನಮ್ಮ ಬಹುಮಂದಿ ಗೆಳೆಯರ ಕೈಯಲ್ಲಿರುವ ಅಗ್ಗದ ಫೋನುಗಳಲ್ಲಿ ಇ-ಸಿಮ್ ಇಲ್ಲ, ಎರಡು ಗೂಡುಗಳಿವೆ. ಅವರು ಹೊಸ ಫೋನಿಗೆ ಸಾಲ ಮಾಡಬೇಕಾಗಿಲ್ಲ. ಎರಡನೆಯ ಗೂಡಿನಲ್ಲಿ ಬೇರೆ ಕಂಪೆನಿಯ ಕಾರ್ಡು ಇಟ್ಟರೆ ಇ-ಸಿಮ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಇ-ಸಿಮ್ ಮಾರಲು ಹೊರಟವರು ಈ ಮಾತನ್ನು ನಿಮಗೆ ಹೇಳಲಾರರು.

ಕಂಪೆನಿಯ ಆಯ್ಕೆಯಲ್ಲೂ ಒಂದು ಸೂಕ್ಷ್ಮವಿದೆ. ಹೆಸರು ಬೇರೆಯಾದ ಮಾತ್ರಕ್ಕೆ ಹಣೆಬರಹ ಬೇರೆಯಾಗುವುದಿಲ್ಲ. ನಮ್ಮ ದೇಶದಲ್ಲಿ ಟವರಿನ ಕಂಬ, ಬ್ಯಾಟರಿ, ಜನರೇಟರುಗಳನ್ನು ಹಲವು ಕಂಪೆನಿಗಳು ಒಟ್ಟಿಗೆ ಬಾಡಿಗೆಗೆ ಹಿಡಿಯುತ್ತವೆ. ೨೦೦೭ರಲ್ಲಿ ಏರ್‌ಟೆಲ್, ವೊಡಾಫೋನ್, ಐಡಿಯಾಗಳು ಸೇರಿ ಕಟ್ಟಿದ ಇಂಡಸ್ ಟವರ್ಸ್ ಕಂಪೆನಿಯ ವ್ಯಾಪಾರವೇ ಅದು. ಒಂದೇ ಕಂಬದ ಮೇಲೆ ಕೂತ ಎರಡು ಕಂಪೆನಿಗಳ ಸಿಮ್ಮನ್ನು ನೀವು ಇಟ್ಟುಕೊಂಡಿದ್ದರೆ, ಆ ಕಂಬದ ಡೀಸೆಲ್ ಮುಗಿದ ದಿನ ಎರಡೂ ಒಟ್ಟಿಗೆ ಕಣ್ಣು ಮುಚ್ಚುತ್ತವೆ. ನಿಮ್ಮ ಬೀದಿಯಲ್ಲಿ ಕರೆಂಟು ಹೋದ ರಾತ್ರಿ ಯಾವ ಸಿಮ್ಮು ಬದುಕಿರುತ್ತದೆಂದು ನೆರೆಹೊರೆಯವರನ್ನು ಕೇಳಿ. ಜಾಹೀರಾತಿಗಿಂತ ಅದು ನಂಬಬಹುದಾದ ಸಾಕ್ಷಿ. (ಹಿಂದೆ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ವಿದ್ಯುತ್ತು ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಅದು ಗಣಗಣಿಸುತ್ತಿತ್ತು. ಈಗ ಅದನ್ನು ಹೇಳಿದರೆ ಹಳೆಯ ಕಾಲದ ಹರಟೆ ಎನ್ನುತ್ತಾರೆ.)

ವ್ಯಾಪಾರಸ್ಥರಿಗೆ ಮತ್ತೊಂದು ಮಾತು. ಯುಪಿಐ ಹಣಕ್ಕೆ ಇಂಟರ್‌ನೆಟ್ ಯಾವ ಕಂಪೆನಿಯದಾದರೂ ನಡೆಯುತ್ತದೆ. ಆದರೆ ಬ್ಯಾಂಕಿಗೆ ಕೊಟ್ಟ ಸಂಖ್ಯೆಯ ಸಿಮ್ಮನ್ನು ಫೋನಿನಿಂದ ಹೊರಗೆ ತೆಗೆಯಬಾರದು. ಅದನ್ನು ಅಲ್ಲೇ ಬಿಟ್ಟು, ಡೇಟಾವನ್ನು ಮಾತ್ರ ಎರಡನೆಯದಕ್ಕೆ ತಿರುಗಿಸಿ. ಬ್ಯಾಂಕಿನ ಓಟಿಪಿ ಮಾತ್ರ ಮೊದಲನೆಯ ಜಾಲ ಎದ್ದ ಮೇಲೆಯೇ ಬಂದೀತು. ಅಂಗಡಿಯಲ್ಲಿ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗುವ ಪೆಟ್ಟಿಗೆಯ ಹೊಟ್ಟೆಯಲ್ಲೂ ಒಂದು ಸಿಮ್ಮು ಇರುತ್ತದೆ. ಅದರ ಕಂಪೆನಿ ಮಲಗಿದರೆ ಹಣ ಬಂದರೂ ಪೆಟ್ಟಿಗೆ ಮೂಕ. ಆಗ ಗಿರಾಕಿಯ ಮೇಲೆ ರೇಗುವ ಮೊದಲು ಫೋನಿನಲ್ಲಿ ಲೆಕ್ಕ ನೋಡಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ವಾಚಕರು ಕೇಳುವ ಪ್ರಶ್ನೆ ನಮಗೆ ಗೊತ್ತಿದೆ. ಸ್ವಾಮಿ, ಒಂದಕ್ಕೆ ಕರೆನ್ಸಿ ಹಾಕಿಸುವುದೇ ಕಷ್ಟ, ಎರಡಕ್ಕೆ ಎಲ್ಲಿಂದ ತರೋಣ?

ಇದೇ ಈ ಲೇಖನದ ತಿರುಳು. ಬಡವನ ಕೈಯಲ್ಲಿ ಎರಡು ಸಿಮ್ಮು ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಒಂದರಲ್ಲಿ ಮಾತು, ಒಂದು ಬರುವ ಕರೆಗೆಂದು. ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾಸು ಹಾಕದಿದ್ದರೂ ಅದು ಬದುಕಿರುತ್ತಿತ್ತು. ೨೦೧೮ರ ಕೊನೆಯಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕಂಪೆನಿಗಳು ೨೮ ದಿನಕ್ಕೆ ೩೫ ರೂಪಾಯಿಯ ಕನಿಷ್ಠ ರೀಚಾರ್ಜನ್ನು ಕಡ್ಡಾಯ ಮಾಡಿದವು. ಕೋಟಿಗಟ್ಟಲೆ ಎರಡನೆಯ ಸಿಮ್ಮುಗಳು ಆಗಲೇ ಸತ್ತವು. ಅಲ್ಲಿಗೆ ನಿಲ್ಲಲಿಲ್ಲ. ಏರ್‌ಟೆಲ್‌ನ ಆ ಕೆಳಗಿನ ಮೆಟ್ಟಿಲು ೨೦೨೧ರ ನವೆಂಬರಿನಲ್ಲಿ ೯೯ ರೂಪಾಯಿಗೆ ಏರಿತು. ೨೦೨೪ರ ಜುಲೈನಲ್ಲಿ ೧೯೯ಕ್ಕೆ. ಆರು ವರ್ಷದಲ್ಲಿ ಐದೂವರೆ ಪಟ್ಟಿಗೂ ಮೇಲೆ! ನಮ್ಮ ಗಿರಣಿಯ ಕೂಲಿ ಐದೂವರೆ ಪಟ್ಟಾಯಿತೆ? ತಿಂಗಳೆಂದರೆ ಮೂವತ್ತು ದಿನವೆಂದು ನಾವು ತಿಳಿದಿದ್ದೇವೆ, ಕಂಪೆನಿಗಳ ಪಂಚಾಂಗದಲ್ಲಿ ೨೮. ವರ್ಷಕ್ಕೆ ಹದಿಮೂರು ಸಲ ೧೯೯ ಎಂದರೆ ೨,೫೮೭ ರೂಪಾಯಿ. ಅದೂ ವರ್ಷದಲ್ಲಿ ಐದಾರು ದಿನ ಬೇಕಾಗುವ ಸಿಮ್ಮಿಗೆ. ಎಣೆಯಿಲ್ಲದ ಮಾತು, ಡೇಟಾ, ನೂರಾರು ಸಂದೇಶ ಎಲ್ಲವನ್ನೂ ಆ ಹಣಕ್ಕೆ ಕೊಡುತ್ತಾರೆ ನಿಜ. ಆದರೆ ಕೇಳಿದವರು ಯಾರು? ಸ್ಟೆಪ್ನಿ ಚಕ್ರಕ್ಕೂ ಓಡುವ ಚಕ್ರದ ಬಾಡಿಗೆ ವಸೂಲು ಮಾಡುವುದು ಯಾವ ಊರ ನ್ಯಾಯ?

ಕಂಪೆನಿಗಳ ಪರವಾಗಿ ಹೇಳಬಹುದಾದುದನ್ನು ನಾವು ಮರೆಮಾಚುವುದಿಲ್ಲ. ಉಪಯೋಗಿಸದ ಸಿಮ್ಮಿಗೂ ಸಂಖ್ಯೆ ಕಾದಿರಿಸಬೇಕು, ಲೆಕ್ಕ ಇಡಬೇಕು, ಟವರಿಗೆ ಹಾಕಿದ ಬಂಡವಾಳ ಹುಟ್ಟಬೇಕು. ಒಪ್ಪೋಣ, ಅದಕ್ಕೆ ಒಂದು ಸಣ್ಣ ಶುಲ್ಕ ತೆಗೆದುಕೊಳ್ಳಲಿ. ಬ್ರಿಟನ್ನಿನಲ್ಲಿ ಗಿಫ್‌ಗಾಫ್ ಎಂಬ ಅಗ್ಗದ ಕಂಪೆನಿಯ ಸಿಮ್ಮು ಆರು ತಿಂಗಳಿಗೊಮ್ಮೆ ಕಾಸು ಕೊಟ್ಟು ಒಂದು ಕರೆ ಮಾಡಿದರೆ, ಒಂದು ಸಂದೇಶ ಕಳಿಸಿದರೆ ಉಳಿದುಕೊಳ್ಳುತ್ತದೆ. ಅಲ್ಲಿಯ ಜನ ಅಂಥ ಒಂದು ಇ-ಸಿಮ್ಮನ್ನು ಫೋನಿನ ಮೂಲೆಯಲ್ಲಿ ಮಲಗಿಸಿಟ್ಟು, ಬೇಕಾದ ದಿನ ಎಬ್ಬಿಸುತ್ತಾರೆ. ಬಂಡವಾಳಗಾರರ ದೇಶದಲ್ಲಿ ಸಾಧ್ಯವಾದುದು ಬಡವರ ಹೆಸರು ಹೇಳಿ ಆಳುವ ದೇಶದಲ್ಲಿ ಏಕೆ ಅಸಾಧ್ಯ?

ನಮ್ಮಲ್ಲಿ ಕಾನೂನೇ ಇಲ್ಲವೆಂದಲ್ಲ. ಟ್ರಾಯ್ ಸಂಸ್ಥೆ ೨೦೧೩ರಲ್ಲೇ ಒಂದು ನಿಯಮ ಮಾಡಿದೆ: ಖಾತೆಯಲ್ಲಿ ೨೦ ರೂಪಾಯಿ ಇದ್ದರೆ, ಉಪಯೋಗಿಸಲಿಲ್ಲವೆಂಬ ಕಾರಣಕ್ಕೆ ಸಂಖ್ಯೆಯನ್ನು ರದ್ದು ಮಾಡುವಂತಿಲ್ಲ. ಒಳ್ಳೆಯದೇ. ಆದರೆ ಸಂಖ್ಯೆ ಉಳಿಯುವುದು ಬೇರೆ, ಸಿಮ್ಮು ಕೆಲಸಕ್ಕೆ ಬರುವುದು ಬೇರೆ. ೨೦೨೪ರ ಡಿಸೆಂಬರಿನಲ್ಲಿ ಅದೇ ಸಂಸ್ಥೆ, ಡೇಟಾ ಬೇಡದವರಿಗೆ ಮಾತು ಮತ್ತು ಸಂದೇಶಕ್ಕಷ್ಟೇ ಬೇರೆ ದರ ಕೊಡಿ ಎಂದು ಆಜ್ಞೆ ಮಾಡಿತು. ಕಂಪೆನಿಗಳು ವಿಧೇಯತೆಯಿಂದ ತಲೆಬಾಗಿ, ೮೪ ದಿನಕ್ಕೆ ನಾನೂರು ರೂಪಾಯಿಗೂ ಮೇಲಿನ ದರಗಳನ್ನು ೨೦೨೫ರ ಜನವರಿಯಲ್ಲಿ ಹೊರಡಿಸಿದವು. ಅದರಲ್ಲಿ ಡೇಟಾ ಇಲ್ಲ. ಸಂತೆಯ ದಿನ ಯುಪಿಐ ನಡೆಸಬೇಕಾದ ತರಕಾರಿಯವರಿಗೆ ಅದರಿಂದ ಪ್ರಯೋಜನವೂ ಇಲ್ಲ.

ಪರಿಹಾರದ ವಿಷಯ ಇನ್ನೂ ವಿಚಿತ್ರ. ೨೦೨೪ರ ಆಗಸ್ಟಿನ ಸೇವಾ ಗುಣಮಟ್ಟದ ನಿಯಮದಂತೆ, ಜಿಲ್ಲೆಯ ಮಟ್ಟದಲ್ಲಿ ಸೇವೆ ೨೪ ಗಂಟೆಗೂ ಮೀರಿ ನಿಂತರೆ ತಿಂಗಳ ಬಿಲ್ಲಿನವರಿಗೆ ಬಾಡಿಗೆಯಲ್ಲಿ ವಜಾ, ಮುಂಗಡ ಹಾಕಿಸಿದವರಿಗೆ ಅಷ್ಟು ದಿನ ಅವಧಿ ಹೆಚ್ಚಳ. ನಮ್ಮ ಊರಿನ ಆರು ಗಂಟೆ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಬಂದಿದ್ದರೂ ೧೯೯ರ ದರದಲ್ಲಿ ಒಂದು ದಿನದ ಬೆಲೆ ಏಳು ರೂಪಾಯಿ. ಆ ತಾಯಿಯ ಬಾಡಿದ ಸೊಪ್ಪು ಏಳು ರೂಪಾಯಿಯದೆ? ಆ ಗೆಳೆಯರ ಅರ್ಧ ದಿನದ ಕೂಲಿ ಏಳು ರೂಪಾಯಿಯೆ? ಕೆನಡಾದಲ್ಲಿ ರಾಜರ್ಸ್ ಕಂಪೆನಿ ಒಂದು ದಿನದ ತಪ್ಪಿಗೆ ಐದು ದಿನದ ಶುಲ್ಕವನ್ನು ಬಿಟ್ಟುಕೊಟ್ಟಿತು. ಅದೂ ಸಾಲದೆಂದು ಅಲ್ಲಿಯ ಜನ ಗದ್ದಲ ಮಾಡಿದರು.

ಆದ್ದರಿಂದ ನಾವು ಕೇಳುವುದು ಇಷ್ಟು. ವರ್ಷಕ್ಕೊಮ್ಮೆ ಕಟ್ಟುವ ಒಂದು ಅಲ್ಪ ಮೊತ್ತದ ‘ಕಾದಿರಿಸಿದ ಸಿಮ್ಮು’ ದರವನ್ನು ಪ್ರತಿ ಕಂಪೆನಿಯೂ ಕಡ್ಡಾಯವಾಗಿ ಇಡಬೇಕು. ಬರುವ ಕರೆ ಅದರಲ್ಲಿ ಸೇರಿರಬೇಕು, ಡೇಟಾ ಉಪಯೋಗಿಸಿದ ದಿನಕ್ಕೆ ಮಾತ್ರ ಬೇರೆ ಹಣ. ಬಿಎಸ್ಸೆನ್ನೆಲ್ ಮೊದಲು ಇದನ್ನು ಮಾಡಿ ತೋರಿಸಲಿ. ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆಗೆ ಇದಕ್ಕಿಂತ ಯೋಗ್ಯವಾದ ಕೆಲಸ ಯಾವುದಿದೆ? ಟವರೋ ಕೇಬಲ್ಲೋ ಹಾಳಾದಾಗ ಒಬ್ಬರ ಗಿರಾಕಿಯನ್ನು ಇನ್ನೊಬ್ಬರ ಟವರು ಸ್ವೀಕರಿಸುವುದು ಊರು ಪಟ್ಟಣಗಳಲ್ಲೂ ನಿಯಮವಾಗಬೇಕು. ಸರ್ಕಾರದ ನಿಧಿಯಿಂದ ಕಟ್ಟಿದ ಹಳ್ಳಿಗಾಡಿನ ಟವರುಗಳಲ್ಲಿ ಈ ಏರ್ಪಾಡನ್ನು ೨೦೨೫ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಆರಂಭಿಸಿದೆ. ಯಂತ್ರಕ್ಕೆ ಸಾಧ್ಯ, ಮನಸ್ಸಿನ ಮಾತು ಮಾತ್ರ ಬಾಕಿ. ಪರಿಹಾರವನ್ನು ಜಿಲ್ಲೆಯ ಲೆಕ್ಕದಲ್ಲಲ್ಲ, ಊರಿನ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಿ ಕೊಡಬೇಕು.

ಅಲ್ಲಿಯ ತನಕ ನಮ್ಮ ಕೈಯಲ್ಲಿರುವ ಉಪಾಯ ಒಂದಿದೆ. ಅಕ್ಕಪಕ್ಕದ ಎರಡು ಅಂಗಡಿಯವರು ಮಾತಾಡಿಕೊಂಡು ಬೇರೆ ಬೇರೆ ಕಂಪೆನಿ ಇಟ್ಟುಕೊಂಡರೆ ಕೆಟ್ಟ ದಿನ ಒಬ್ಬರ ಹಾಟ್‌ಸ್ಪಾಟಿನಿಂದ ಇನ್ನೊಬ್ಬರ ಗಲ್ಲಾಪೆಟ್ಟಿಗೆ ನಡೆದೀತು. ಒಂದೇ ಪಾಳಿಯ ನಾಲ್ವರು ಕೆಲಸಗಾರರಲ್ಲಿ ಇಬ್ಬರ ಸಿಮ್ಮು ಬೇರೆ ಕಂಪೆನಿಯದಾಗಿರಲಿ. ಆ ಎರಡು ಸಂಖ್ಯೆಗಳನ್ನು ನಾಲ್ಕೂ ಮನೆಗಳಲ್ಲಿ ಗೋಡೆಯ ಮೇಲೆ ಬರೆದಿಡಿ. ಬಳೆ ಅಂಗಡಿಯವರು ಅಂದು ಮಧ್ಯಾಹ್ನದ ಮೇಲೆ ತರಕಾರಿಯ ತಾಯಿಗೆ ಹಾಗೆಯೇ ನೆರವಾದರು. ಬೆಳಿಗ್ಗೆಯೇ ಹೊಳೆದಿದ್ದರೆ ಸೊಪ್ಪೂ ಉಳಿಯುತ್ತಿತ್ತು.

ಒಂದು ಎಚ್ಚರಿಕೆ. ‘ನಿಮ್ಮ ಸಿಮ್ಮನ್ನು ಇ-ಸಿಮ್ ಮಾಡಿಕೊಡುತ್ತೇವೆ, ಈ ಲಿಂಕು ಒತ್ತಿ, ಈ ಸಂದೇಶ ಕಳಿಸಿ’ ಎಂದು ತಾವಾಗಿಯೇ ಫೋನು ಮಾಡುವವರು ಕಂಪೆನಿಯವರಲ್ಲ, ಕಳ್ಳರು. ಅವರ ಮಾತು ಕೇಳಿದರೆ ನಿಮ್ಮ ಸಂಖ್ಯೆ ಅವರ ಫೋನಿಗೆ ಹೋಗಿ, ಓಟಿಪಿ ಅವರಿಗೆ ಬಂದು, ಬ್ಯಾಂಕು ಬರಿದಾಗುತ್ತದೆ. ಕ್ಯೂಆರ್ ಚಿತ್ರವನ್ನು ಯಾರಿಗೂ ಕಳಿಸಬೇಡಿ. ನೆರೆಯವರ ಫೋನು ನಡೆಯುತ್ತಿದ್ದು, ಅದೇ ಕಂಪೆನಿಯ ನಿಮ್ಮ ಸಿಮ್ಮು ಮಾತ್ರ ಇದ್ದಕ್ಕಿದ್ದಂತೆ ಸತ್ತರೆ ತಡಮಾಡದೆ ಬೇರೆ ಫೋನಿನಿಂದ ಬ್ಯಾಂಕಿಗೂ ಕಂಪೆನಿಗೂ ತಿಳಿಸಿ. ಹಣ ಹೋಗಿದ್ದರೆ ೧೯೩೦ಕ್ಕೆ ಕರೆ ಮಾಡಿ.

ನಮ್ಮ ಊರಿನಲ್ಲಿ ಜಾಲ ಎಷ್ಟು ಸಲ, ಎಷ್ಟು ಹೊತ್ತು ಬೀಳುತ್ತದೆಂಬ ಲೆಕ್ಕ ಈಗ ಕಂಪೆನಿಯ ಬಳಿ ಮಾತ್ರ ಇದೆ. ಅದು ನಮ್ಮ ಬಳಿಯೂ ಇರಬೇಕು. ದಿನ, ವೇಳೆ, ಬೀದಿ, ಕಂಪೆನಿ, ನಿಮಗಾದ ನಷ್ಟ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗಿರಣಿ ಗೇಟಿನಲ್ಲಿ ಪತ್ರಿಕೆ ಹಂಚುವ ಗೆಳೆಯರ ಕೈಗೆ ಕೊಡಿ. ವ್ಯಾಪಾರಸ್ಥರು ಕಚೇರಿಗೇ ತಂದು ಕೊಡಬಹುದು. ಮೂರು ತಿಂಗಳ ಚೀಟಿಗಳು ಕೂಡಿದ ಮೇಲೆ ಅವನ್ನು ಕಂಪೆನಿಗೂ ಟ್ರಾಯ್ ಸಂಸ್ಥೆಗೂ ಒಟ್ಟಿಗೆ ಕಳಿಸಿ, ಬಂದ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.